ರುಕ್ಮವ್ವನ ಟ್ರಂಕಿನ ಖಟ್ಲೆ

ನನಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಕೋರ್ಟಿನಲ್ಲಿ ಎದುರಾಳಿ ವಾದ ಮಾಡುವಾಗಲೂ ನಾನು ಕುರ್ಚಿಯ ತುದಿಯಲ್ಲೇ ಇರುತ್ತೇನೆ. ನ್ಯಾಯಾಧೀಶರಾದ ಜಹಗೀರದಾರ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, "ಕಮಲಾಕ್ಷಿಬಾಯಿ, ಕುರ್ಚಿಯೊಳಗ ಮುಳ್ಳ ಅವ ಏನು?" ಎಂದು ಕೇಳಿದ್ದುಂಟು. ಮುಳ್ಳು ಕುರ್ಚಿಯಲ್ಲಿಲ್ಲ, ನನ್ನಲ್ಲೇ ಇದೆ. ಯಾರಾದರೂ ನನ್ನೆದುರು ಅರ್ಧ ಮಾತು ಹೇಳಿ ನಿಲ್ಲಿಸಿದರೆ, ಉಳಿದರ್ಧ ಕೇಳುವ ತನಕ ನನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇಂಥವಳು ಹುಟ್ಟಬಾರದ ಊರೊಂದಿದ್ದರೆ ಅದು ನಮ್ಮೂರು.

ನಮ್ಮೂರಲ್ಲಿ ಮಧ್ಯಾಹ್ನದ ಊಟ ಮುಗಿದು ಎಲೆಯಡಿಕೆ ಬಾಯಿಗೆ ಬೀಳುವ ಹೊತ್ತಿಗೆ ತೆರೆಗಾಳಿ ಬೀಸುತ್ತದೆ. ಆಗ ಮುಚ್ಚಿದ್ದೆಲ್ಲ ತೆರೆದುಕೊಳ್ಳುತ್ತದೆ. ಬಾಗಿಲು, ಕಿಟಕಿ, ಕಪಾಟು, ಟ್ರಂಕು, ಉಪ್ಪಿನಕಾಯಿ ಭರಣಿ, ಎಲ್ಲವೂ. ಅಗುಳಿ ಹಾಕಿ, ಬೀಗ ಜಡಿದು, ಮೇಲೊಂದು ಒರಳುಕಲ್ಲು ಇಟ್ಟು ನೋಡಿ. ಕಲ್ಲು ಪಕ್ಕಕ್ಕೆ ಸರಿದು ಕೂತಿರುತ್ತದೆ, ಬೀಗ ಬಾಯಿ ಬಿಟ್ಟಿರುತ್ತದೆ. ಪರದೆ ಕಟ್ಟಿದರೆ ಅದು ತಾನೇ ಸುರುಳಿ ಸುತ್ತಿಕೊಂಡು ಮೇಲೇರುತ್ತದೆ. ಮೈಮೇಲಿನ ಬಟ್ಟೆಯ ಗುಂಡಿಗಳಿಗೆ ಮಾತ್ರ ಗಾಳಿ ಕೈ ಹಚ್ಚುವುದಿಲ್ಲ, ಅಷ್ಟು ಮರ್ಯಾದೆ ಅದಕ್ಕೂ ಇದೆ. ಮನೆಗಳ ನೆರಳು ಎದುರು ಕಟ್ಟೆ ಮುಟ್ಟುವ ತನಕ ಊರು ಹಾಗೇ ತೆರೆದು ಬಿದ್ದಿರುತ್ತದೆ. ಆಮೇಲೆ ಗಾಳಿ ನಿಲ್ಲುತ್ತದೆ, ಜನ ಎದ್ದು ಮುಚ್ಚಳ ಮುಚ್ಚುತ್ತಾರೆ, ಚಹಾಕ್ಕೆ ನೀರು ಇಡುತ್ತಾರೆ.

ಆ ಹೊತ್ತಿನಲ್ಲಿ ಬೀದಿಯಲ್ಲಿ ನಡೆಯುವವರ ಕಣ್ಣು ಅವರವರ ಹೆಬ್ಬೆರಳ ಮೇಲಿರಬೇಕು, ಬಾಯಲ್ಲಿ ಕೆಮ್ಮಿರಬೇಕು. ಹೊರಗೊಬ್ಬರು ಬರುತ್ತಿದ್ದಾರೆ ಎಂದು ಒಳಗಿದ್ದವರಿಗೆ ತಿಳಿಯಲಿ ಎಂದು ಕೆಮ್ಮು. ಕೂಸು ನಡೆಯಲು ಕಲಿತ ಕೂಡಲೇ ನಮ್ಮಲ್ಲಿ ಅದಕ್ಕೆ ಕೆಮ್ಮಲು ಕಲಿಸುತ್ತಾರೆ. ಪರವೂರಿನಿಂದ ಬಂದ ಡಾಕ್ಟರೊಬ್ಬರು ಮೊದಲ ಮಧ್ಯಾಹ್ನವೇ ಊರಿಗೆಲ್ಲ ಕ್ಷಯ ಅಂಟಿದೆ ಎಂದು ಔಷಧಿ ತರಿಸಲು ಓಡಿದ್ದರು. ತಲೆ ತಗ್ಗಿಸಿ ನಡೆದು ನಡೆದು ನಮ್ಮವರಿಗೆ ಒಬ್ಬರ ಮುಖಕ್ಕಿಂತ ಒಬ್ಬರ ಚಪ್ಪಲಿಯ ಗುರುತೇ ಹೆಚ್ಚು. ಆದರೆ ಕಾನೂನಿನಲ್ಲಿ ಬರೆದದ್ದು ಇಷ್ಟೇ: ಪರರ ಹೊಸ್ತಿಲು ದಾಟಿದವನೂ ಕೆಮ್ಮದೆ ನಡೆದವನೂ ಅಪರಾಧಿ. ಕಣ್ಣಿನ ವಿಷಯ ಅದರಲ್ಲಿಲ್ಲ. ಕಣ್ಣು ತಗ್ಗಿಸುವುದು ಮರ್ಯಾದೆಯ ಮಾತು, ಅದನ್ನೂ ಬರೆದಿಡಬೇಕೇ ಎಂದು ಹಿರಿಯರು ಬಿಟ್ಟುಬಿಟ್ಟಿರಬೇಕು.

ಸುದ್ದಿ ದುಂಡಪ್ಪ ನುಸುಳಿದ್ದು ಈ ಸಂದಿಯಲ್ಲೇ. ಅವನಷ್ಟು ಚೆಂದ ಕೆಮ್ಮುವವರು ಊರಲ್ಲಿ ಮತ್ತೊಬ್ಬರಿಲ್ಲ. ಓಣಿಯ ಈ ತುದಿಯಲ್ಲಿ ಶುರು ಮಾಡಿದರೆ ಆ ತುದಿಯ ತನಕ ಕೆಮ್ಮುತ್ತ ಹೋಗುತ್ತಾನೆ, ಒಂದು ಹೊಸ್ತಿಲನ್ನೂ ಸೋಕುವುದಿಲ್ಲ, ಕಣ್ಣನ್ನು ಮಾತ್ರ ಎಡಕ್ಕೂ ಬಲಕ್ಕೂ ಆಡಿಸುತ್ತಾನೆ. ಕಂಡದ್ದನ್ನು ಸಂಜೆ ಪೇಟೆಯ ಕಟ್ಟೆ ಹತ್ತಿ, ತಗಡಿನ ಕೊಳವೆಯನ್ನು ಬಾಯಿಗೆ ಹಿಡಿದು ಸಾರುತ್ತಾನೆ. ಹೆಸರು ಹೇಳುವುದಿಲ್ಲ. "ನೀಲಿ ಬಾಗಿಲದ ಮನಿ" ಎನ್ನುತ್ತಾನೆ. ಓಣಿಗೆಲ್ಲ ಒಂದೇ ನೀಲಿ ಬಾಗಿಲಿದ್ದರೆ ಅದು ಅವನ ತಪ್ಪಲ್ಲವಂತೆ.

ಅವನನ್ನು ಬೈಯುವುದು ಸುಲಭ, ಆದರೆ ಅವನಿಗೆ ಹಾರ ಹಾಕಿದವರೂ ನಾವೇ. ಜೋಳ ಸಿಗದೆ ಊರೆಲ್ಲ ತೆಳ್ಳನೆಯ ಅಂಬಲಿ ಕುಡಿದು ಮಲಗುತ್ತಿದ್ದ ವರ್ಷ, ದೊಡ್ಡ ಸಾವಕಾರನ ಅಟ್ಟದಲ್ಲಿ ಚೀಲಗಳು ಸೂರು ಮುಟ್ಟುವಂತೆ ಒಟ್ಟಿದ್ದನ್ನು ನೋಡಿ ಹೇಳಿದವನು ದುಂಡಪ್ಪ. ನಾವೆಲ್ಲ ಹೆಬ್ಬೆರಳು ನೋಡುತ್ತ ಆ ಮನೆಯ ಮುಂದೆಯೇ ದಿನಾ ಹಾದು ಹೋಗುತ್ತಿದ್ದೆವು. ಅವತ್ತು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದೆವು. ಸಾವಕಾರನ ಅಟ್ಟ ಖಾಲಿಯಾಯಿತು, ದುಂಡಪ್ಪನ ಕಟ್ಟೆ ಖಾಲಿ ಬಿಡಲಾಗುತ್ತದೆಯೇ? ಅವನ ಸುದ್ದಿಯಲ್ಲಿ ಅತ್ತೆಗೆ ಕಾಣದಂತೆ ಚಕ್ಕುಲಿ ತಿನ್ನುವ ಸೊಸೆ ಬಂದಳು, ಹಲ್ಲಿನ ಸೆಟ್ಟು ತೆಗೆದಿಟ್ಟು ಹಾಡು ಹೇಳುವ ಮುದುಕ ಬಂದ. ನಕ್ಕೆವು. ಬೇರೆ ಬೇರೆ ಚಾಪೆ ಹಾಸಿಕೊಳ್ಳುವ ಗಂಡ ಹೆಂಡತಿಯ ಸುದ್ದಿಗೂ ನಕ್ಕೆವು. ಅವರಿಬ್ಬರು ಆಮೇಲೆ ಪೇಟೆಗೆ ಬರುವುದನ್ನೇ ಬಿಟ್ಟರು. ನನಗೆ ಮೆಣಸಿನಕಾಯಿ ಬೇಡವಾದರೂ ಸಂಜೆಯಾದರೆ ಕೈಚೀಲ ಹಿಡಿದು ಪೇಟೆಗೆ ಹೋಗುತ್ತಿದ್ದೆ. ಮನೆಯಲ್ಲಿ ಎಷ್ಟು ಮೆಣಸಿನಕಾಯಿ ಒಣಗಿ ಬಿದ್ದಿದ್ದವೋ ಆ ದೇವರಿಗೇ ಗೊತ್ತು.

ಇದನ್ನು ತಡೆಯಬೇಕು ಎಂದು ಪುರಸಭೆ ಒಂದು ಸಮಿತಿ ಮಾಡಿತ್ತು. ಖಾಸಗಿ ಬದುಕಿನ ರಕ್ಷಣೆಗೆ ಕಾನೂನಿನಲ್ಲಿ ಏನು ತಿದ್ದುಪಡಿ ತರಬಹುದು ಎಂದು ಅದು ಹೇಳಬೇಕಿತ್ತು. ಗಾಳಿಯ ಹೊತ್ತಿಗೆ ಎಲ್ಲರೂ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಲಿ ಎಂದು ಒಬ್ಬರು ಸೂಚಿಸಿದರು. ಒಂದು ಮಧ್ಯಾಹ್ನ ಕಟ್ಟಿಕೊಂಡೂ ನೋಡಿದೆವು. ಅರ್ಧ ಊರು ಗಟಾರಕ್ಕೆ ಬಿತ್ತು, ಪುರಸಭೆಯ ಅಧ್ಯಕ್ಷರು ಎಮ್ಮೆಯನ್ನು ತಬ್ಬಿಕೊಂಡು ಕ್ಷಮೆ ಕೇಳಿದರು. ನೋಡಿದವನಿಗೆ ದಂಡ ಹಾಕೋಣ ಎಂದರು ಇನ್ನೊಬ್ಬರು. ಆದರೆ ಅವನು ನೋಡುತ್ತಿದ್ದ ಎಂದು ಸಾಕ್ಷಿ ಹೇಳುವವರು ಯಾರು? ಹೇಳಿದವರೂ ತಲೆ ಎತ್ತಿದ್ದರು ಅಂತಾಯಿತಲ್ಲ! ಹಾಗಾದರೆ ಕಂಡದ್ದನ್ನು ಹೇಳುವುದನ್ನೇ ನಿಷೇಧಿಸೋಣ ಎಂಬ ಸಲಹೆಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿದವನು ಜೋಳದ ಸಾವಕಾರ. ಅದನ್ನು ನೋಡಿ ಉಳಿದವರು ಹಿಂಜರಿದರು. ಕಡೆಗೆ ವರದಿ ಪುರಸಭೆಯ ಕಪಾಟು ಸೇರಿತು. ದಿನಾ ಗಾಳಿಗೆ ಕಪಾಟು ತೆರೆದುಕೊಳ್ಳುತ್ತದೆ, ವರದಿಯ ಹಾಳೆಗಳು ಪಟಪಟ ಮಗುಚಿಕೊಳ್ಳುತ್ತವೆ. ಎಲ್ಲರೂ ಹೆಬ್ಬೆರಳು ನೋಡುತ್ತಿರುವುದರಿಂದ ಅದನ್ನು ಓದಿದವರಿಲ್ಲ.

ಹೀಗಿರುವಾಗ ಒಂದು ಸಂಜೆ ದುಂಡಪ್ಪ ಕೊಳವೆಗೆ ಬಾಯಿ ಹಚ್ಚಿ ಹೇಳಿದ: "ಕೇಳ್ರಪೋ ಕೇಳ್ರಿ! ಕೌದಿ ಹೊಲಿಯಾಕಿ ಮನಿ! ಮದವಿ ಆಗದಾಕಿ, ಗಂಡಸರ ಸುಳಿವಿಲ್ಲದ ಮನಿ! ಆಕಿ ಟ್ರಂಕಿನ್ಯಾಗ ಏನೈತಿ? ಗಂಡಸರ ರುಮಾಲು! ತಲಿಗೆ ಸುತ್ತೋ ಹಳದಿ ರುಮಾಲು! ದಿನಾ ಗಾಳಿ ಹೊತ್ತಿನ್ಯಾಗ ಹೊರಗ ತಗೀತಾಳ. ತಗದು ಏನ್ ಮಾಡ್ತಾಳ? ನಾಳಿ ಸಂಜಿಗೆ ಹೇಳ್ತೀನಿ!"

ಕೌದಿ ಹೊಲಿಯುವವಳು ಎಂದರೆ ರುಕ್ಮವ್ವ. ನನ್ನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಐವತ್ತು ದಾಟಿದ ಹೆಂಗಸು. ಊರ ಮಂದಿ ಹಳೆಯ ಸೀರೆ, ಧೋತರ, ಅಂಗಿ ತಂದು ಕೊಡುತ್ತಾರೆ; ಅವಳು ಹರಿದು, ಜೋಡಿಸಿ, ಕೌದಿ ಮಾಡಿ ಕೊಡುತ್ತಾಳೆ. ಊರಲ್ಲಿ ಅವಳ ಕೌದಿ ಹೊದೆಯದೆ ಮಲಗಿದವರಿಲ್ಲ. ಯಾರ ತಂಟೆಗೂ ಹೋದವಳಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವತ್ತು ಪೇಟೆಯಲ್ಲಿದ್ದ ಗಂಡಸರೆಲ್ಲ ತಲೆ ಮುಟ್ಟಿ ನೋಡಿಕೊಂಡರು. ಹಳದಿ ರುಮಾಲು ಸುತ್ತಿದವರು ಅಲ್ಲೇ ಬಿಚ್ಚಿ ಕಂಕುಳಿಗೆ ತುರುಕಿದರು. ಹೆಂಡಂದಿರು ಮನೆಗೆ ಹೋಗಿ ಗಂಡಂದಿರ ಬಟ್ಟೆಗಂಟು ಬಿಚ್ಚಿದರು. ನಮ್ಮ ಓಣಿಯ ಬಳೆಗಾರ್ತಿ ಈರವ್ವ ಮದುವೆಯಲ್ಲಿ ಗಂಡನಿಗೆ ಕೊಟ್ಟ ಹಳದಿ ರುಮಾಲು ಎಲ್ಲಿ ಹೋಯಿತು ಎಂದು ಕೂಗಾಡುವುದು ನನ್ನ ಅಡುಗೆಮನೆಗೂ ಕೇಳಿಸಿತು. "ಇಲಿ ಕಡದಿತ್ತಲ್ಲಲೇ, ನೀನ ಒಲಿ ಒರಸಾಕ ತಗೊಂಡಿ!" ಎಂದು ಗಂಡನೆಂಬ ಆ ಪಾಪದ ಪ್ರಾಣಿ ಗೋಳಾಡುತ್ತಿತ್ತು. ನನಗೂ ಸುಮ್ಮನಿರಲಾಗಲಿಲ್ಲ. ಯಾರದಿರಬಹುದು? ಹಳೇ ಶಾಲೆಯ ಮಾಸ್ತರರದೇ? ಊರು ಬಿಟ್ಟು ಹೋದ ಗಾಣಿಗರ ಹುಡುಗನದೇ? ನಡುಮನೆಯಲ್ಲಿ ಅತ್ತಿಂದಿತ್ತ ತಿರುಗಿ ತಿರುಗಿ ಕಾಲು ನೋಯಿಸಿಕೊಂಡೆ.

ಬೆಳಗಾಗುತ್ತಲೇ ರುಕ್ಮವ್ವ ನನ್ನ ಬಾಗಿಲಿಗೆ ಬಂದಳು. ಕಣ್ಣು ಊದಿದ್ದವು, ಕೈಯಲ್ಲಿ ಸೂಜಿ ಹಾಗೇ ಇತ್ತು, ಇಡುವುದನ್ನು ಮರೆತಿದ್ದಳು. "ವಕೀಲಬಾಯಾರ, ಇವತ್ತ ಸಂಜಿಗೆ ಅಂವಾ ಹೇಳಬಾರದ್ರಿ. ಏನರೆ ಮಾಡ್ರಿ," ಎಂದಳು. ಒಳಗೆ ಕರೆದು ಕೂರಿಸಿದೆ. ವಕೀಲಳ ಮುಖ ಮಾಡಿಕೊಂಡು, "ಅದೇನಂತ ನನಗ ಹೇಳವ್ವ. ವಕೀಲರಿಗೆ ಹೇಳಿದ್ದು ಹೊರಗ ಹೋಗೂದಿಲ್ಲ," ಎಂದೆ. ಅವಳು ತಲೆ ಅಲ್ಲಾಡಿಸಿದಳು. "ಕೆಟ್ಟದ್ದೇನ ಅದ ಏನು?" "ಕೆಟ್ಟದ್ದಲ್ರಿ." "ಯಾರಿಗರೆ ತೊಂದರಿ ಆಗತದ ಏನು?" "ಇಲ್ರಿ." "ಮತ್ತ ಹೇಳಾಕ ಏನವ್ವಾ?" ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿ ನನ್ನ ಮುಖ ನೋಡಿದಳು. "ಅದು ನಂದ್ರಿ, ಅಷ್ಟ. ಗಾಳಿ ಎಲ್ಲಾ ತಗೀತೈತಿ. ಅದೊಂದು ನನಗ ಇರಲಿ."  ನನಗೆ ಸಿಟ್ಟು ಬಂತು. ಅವಳು ಹೇಳಲಿಲ್ಲವಲ್ಲ ಎಂಬ ಸಿಟ್ಟು ಎಷ್ಟು, ದುಂಡಪ್ಪನ ಮೇಲಿನ ಸಿಟ್ಟು ಎಷ್ಟು ಎಂದು ಬೇರ್ಪಡಿಸುವ ಗೋಜಿಗೆ ಹೋಗದೆ, ದುಂಡಪ್ಪನ ಬಾಯಿಗೆ ತಡೆ ಕೇಳಲು ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೊರಟೆ.

ಸುದ್ದಿ ನಮಗಿಂತ ಮೊದಲೇ ಕೋರ್ಟು ಮುಟ್ಟಿತ್ತು. ಸಂಜೆ ಪೇಟೆಯಲ್ಲಿ ನೆರೆಯಬೇಕಾದ ಜನ ಬೆಳಿಗ್ಗೆಯೇ ಕೋರ್ಟಿನಲ್ಲಿ ನೆರೆದಿದ್ದರು. ಬೆಂಚು ತುಂಬಿ, ಕಿಟಕಿ ಕಟ್ಟೆಗಳ ಮೇಲೂ ಕೂತಿದ್ದರು. ಈರವ್ವ ಬಳೆಯ ಮಲಾರವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಇದ್ದಳು. ನಮ್ಮ ಖಟ್ಲೆಯ ಸರದಿ ಬರುವ ಹೊತ್ತಿಗೆ ಊಟದ ಹೊತ್ತು ಮೀರುತ್ತ ಬಂದಿತ್ತು.

ದುಂಡಪ್ಪ ವಕೀಲರನ್ನಿಟ್ಟಿರಲಿಲ್ಲ. "ಸಾಹೇಬ್ರ, ನಾ ಹೊಸ್ತಲಾ ದಾಟೇನೇನ್ರಿ? ಇಲ್ಲ. ಕೆಮ್ಮಿಲ್ಲೇನ್ರಿ? ಊರಿಗೆ ಊರ ಕೇಳೇತಿ. ಸಾವಕಾರನ ಜೋಳ ಹೊರಗ ಹಾಕಿದ್ದು ಇದ ಕಣ್ಣು, ಇದ ಬಾಯಿ. ಅವತ್ತ ಹಾರ ಹಾಕಿದ ಮಂದಿ ಇವತ್ತ ಕಣ್ಣ ಮುಚ್ಚು ಅಂದ್ರ ಹೆಂಗ್ರಿ?" ಎಂದ. ಜನ ತಲೆದೂಗಿದರು. ಹೇಳಬಾರದೆಂದರೂ ಹೇಳುತ್ತೇನೆ, ಮಾತಿನಲ್ಲಿ ತೂಕವಿತ್ತು. ಜೋಳ ಊರ ಹೊಟ್ಟೆಯ ವಿಷಯ, ರುಮಾಲು ಒಬ್ಬಳ ಟ್ರಂಕಿನ ವಿಷಯ ಎಂದು ನಾನು ವಾದಿಸಿದೆ. ಸಾಹೇಬರು ಗಡ್ಡ ಕೆರೆದುಕೊಂಡರು. "ಖರೆ ಕಮಲಾಕ್ಷಿಬಾಯಿ. ಆದರ ಅದು ಊರಿನ ವಿಷಯ ಅಲ್ಲ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಆ ರುಮಾಲಿನವ ಕಾಣಿ ಆದವ ಇರಬಹುದು. ಕದ್ದದ್ದು ಇರಬಹುದು. ಆಕಿ ಹೇಳಬೇಕು. ಹೇಳಲಾರದ ನಾ ಹುಕುಂ ಕೊಡಲಿಕ್ಕೆ ಬರೂದಿಲ್ಲ."

ಮುಚ್ಚಿಡಲು ಬಂದವಳು ಇಡೀ ಊರಿನ ಮುಂದೆ ಬಿಚ್ಚಬೇಕು ಎಂದಾಯಿತು. ರುಕ್ಮವ್ವ ಎದ್ದು ನಿಂತಳು. ಸಾಹೇಬರನ್ನಲ್ಲ, ಬೆಂಚುಗಳನ್ನು ನೋಡಿದಳು. "ನಿಮ್ಮ ಸೀರಿ, ನಿಮ್ಮ ಧೋತರ, ನಿಮ್ಮ ಕೂಸಿನ ದುಬಟಿ, ಎಲ್ಲಾ ನನ್ನ ಕೈಯಾಗ ಬಂದಾವು. ಬಟ್ಟಿ ಮ್ಯಾಲಿನ ಯಾವ ಕಲಿ ಯಾವುದರದು ಅಂತ ನನಗ ತಿಳೀತೈತಿ. ಯಾರ ತಲಿದಿಂಬು ಎಷ್ಟ ತೊಯ್ದೈತಿ ಅಂತನೂ ತಿಳೀತೈತಿ. ಒಳಗ ಹಾಕಿ ಹೊಲದೀನಿ. ಯಾರಿಗರೆ ಹೇಳೇನೇನ್ರೆವಾ?" ಎಂದಳು.  ಈರವ್ವನ ತೊಡೆಯ ಮೇಲಿನ ಬಳೆಗಳು ಒಮ್ಮೆ ಸದ್ದು ಮಾಡಿದವು.

ಸಾಹೇಬರು ಮೆಲ್ಲಗೆ, "ನನಗೊಬ್ಬಗ ಹೇಳವ್ವ," ಎಂದು ಎಲ್ಲರನ್ನೂ ಹೊರಗೆ ಕಳಿಸಲು ಹೇಳಿದರು. ದುಂಡಪ್ಪನನ್ನೂ ಕಳಿಸಿದರು. ಜವಾನರು ಬಾಗಿಲು ಹಾಕಿ ಅಗುಳಿ ಜಡಿದರು. ನಾನು ವಕೀಲಳಾದ್ದರಿಂದ ಉಳಿದೆ. ರುಕ್ಮವ್ವ ಸಾಹೇಬರ ಮೇಜಿನ ಹತ್ತಿರ ಹೋಗಿ, ಅಂಚನ್ನು ಹಿಡಿದು ಬಾಯಿ ತೆರೆದಳು. ಆಗಲೇ ಅಗುಳಿ ಸರಿದ ಸದ್ದಾಯಿತು.

ತೆರೆಗಾಳಿ ಬಂದಿತ್ತು. ಬಾಗಿಲುಗಳು ಹಾರು ಹೊಡೆದವು, ಕಿಟಕಿಗಳು ತೆರೆದವು, ಕಡತಗಳು ಕಪಾಟಿನಿಂದ ಎದ್ದು ಕೋಣೆಯ ತುಂಬ ತಿರುಗಿದವು. ಪಡಸಾಲೆಯಲ್ಲಿ ಊರಿಗೆ ಊರೇ ನಿಂತಿತ್ತು. ಕಣ್ಣು ಎಲ್ಲರದೂ ಹೆಬ್ಬೆರಳ ಮೇಲೇ ಇತ್ತು, ಕಿವಿ ಮಾತ್ರ ನಮ್ಮ ಕಡೆಗಿತ್ತು. ಕಿವಿಯ ಬಗ್ಗೆ ನಮ್ಮಲ್ಲಿ ಕಾನೂನೂ ಇಲ್ಲ, ಮರ್ಯಾದೆಯೂ ಇಲ್ಲ. ಗಾಳಿ ನಿಲ್ಲುವ ತನಕ ಕಾಯೋಣವೆಂದರೆ ಆಮೇಲೆ ಕೋರ್ಟು ನಡೆಯುವುದಿಲ್ಲ, ಹಾರಿದ ಕಾಗದ ಹೆಕ್ಕಿ ಜೋಡಿಸುವುದರಲ್ಲೇ ಸಂಜೆಯಾಗುತ್ತದೆ. ಸಂಜೆಗೆ ದುಂಡಪ್ಪ ಕಟ್ಟೆ ಹತ್ತುತ್ತಾನೆ. ಸಾಹೇಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ರುಕ್ಮವ್ವ ಇಬ್ಬರನ್ನೂ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು, ಆದದ್ದಾಗಲಿ ಎನ್ನುವಂತೆ, "ಸಾಹೇಬ್ರ, ಆ ರುಮಾಲು..." ಎಂದಳು.

ಹೊರಗೆ ಒಬ್ಬರು ಕೆಮ್ಮಿದರು. ಈರವ್ವ. ಬಾಗಿಲ ನೇರಕ್ಕೇ ನಿಂತಿದ್ದಳು, ಎಲ್ಲರಿಗಿಂತ ಚೆನ್ನಾಗಿ ಕೇಳಿಸುವ ಜಾಗ ಹಿಡಿದಿದ್ದಳು. ಹಾದು ಹೋಗುವಾಗ ಕೆಮ್ಮುವ ಸಣ್ಣ ಕೆಮ್ಮಲ್ಲ. ಎದೆಯ ಆಳದಿಂದ ಎಳೆದು ತಂದ ಕೆಮ್ಮು. ಮುಗಿಸಿ ಮತ್ತೆ ಕೆಮ್ಮಿದಳು. ಅವಳ ಗಂಡ ಕೆಮ್ಮಿದ. ಚಕ್ಕುಲಿಯ ಸೊಸೆ ಕೆಮ್ಮಿದಳು. ಆಮೇಲೆ ಪಡಸಾಲೆಯೇ ಕೆಮ್ಮತೊಡಗಿತು. ಒಬ್ಬರ ಉಸಿರು ಕಟ್ಟಿದರೆ ಪಕ್ಕದವರು ಆ ಕೆಮ್ಮನ್ನು ಎತ್ತಿಕೊಂಡರು. ಸಾಹೇಬರು ಮೇಜಿನ ಮೇಲೆ ಬಾಗಿ ಕಿವಿಗೆ ಅಂಗೈ ಹಿಡಿದರು. ರುಕ್ಮವ್ವನ ತುಟಿ ಆಡುತ್ತಿತ್ತು.

ನಾನು ಅವಳಿಂದ ಒಂದು ಮೊಳ ದೂರದಲ್ಲಿದ್ದೆ. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಕೇಳಿಸುತ್ತಿತ್ತು. ಒಂದೆರಡು ಪದ ಕಿವಿಗೆ ಬೀಳುವುದರಲ್ಲಿತ್ತು ಕೂಡ. ನನ್ನ ಜೀವಮಾನದಲ್ಲಿ ಅಷ್ಟು ಆಸೆ ನನಗೆ ಯಾವುದರ ಮೇಲೂ ಆಗಿರಲಿಲ್ಲ. ಹಾಳಾದ ಕಿವಿ ತಾನೇ ಅತ್ತ ವಾಲುತ್ತಿತ್ತು. ಆಗ ನಾನೂ ಕೆಮ್ಮಿದೆ. ಕಣ್ಣಲ್ಲಿ ನೀರು ಬರುವ ತನಕ, ಗಂಟಲು ಉರಿಯುವ ತನಕ ಕೆಮ್ಮಿದೆ. ನನ್ನ ಕೆಮ್ಮು ಬಿಟ್ಟು ನನಗೆ ಬೇರೇನೂ ಕೇಳಿಸಲಿಲ್ಲ.

ಹೇಳಿ ಮುಗಿಸಿದ ಮೇಲೆ ರುಕ್ಮವ್ವ ಮೇಜು ಬಿಟ್ಟು ಹಿಂದೆ ಸರಿದಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ದುಂಡಪ್ಪನನ್ನು ಒಳಗೆ ಕರೆಸಿ, "ಇದು ಊರಿಗೆ ಸಂಬಂಧಪಟ್ಟದ್ದಲ್ಲ. ನೀ ಹೇಳತಕ್ಕದ್ದಲ್ಲ," ಎಂದರು. ದುಂಡಪ್ಪ ಕೈ ಮುಗಿದು, "ಕಾನೂನಿನ್ಯಾಗ ಎಲ್ಲಿ ಬರದೈತ್ರಿ ಸಾಹೇಬ್ರ?" ಎಂದ. ಸಾಹೇಬರು ಸುಳ್ಳು ಹೇಳುವವರಲ್ಲ. "ಬರದಿಲ್ಲ," ಎಂದರು. ದುಂಡಪ್ಪ ಮತ್ತೊಮ್ಮೆ ಕೈ ಮುಗಿದು ಹೋದ.

ಹೊತ್ತು ಇಳಿಯುವ ತನಕ ನಾನು ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ಗೋಡೆಯಾಚೆ ರುಕ್ಮವ್ವ ಕೌದಿ ಹೊಲಿಯುತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂದು ನಮ್ಮವ್ವ ಹೇಳುತ್ತಿದ್ದುದು ತಲೆಯಲ್ಲಿ ಕೊರೆಯುತ್ತಿತ್ತು. ಕೈಚೀಲವಿಲ್ಲದೆ ಪೇಟೆಗೆ ಹೋದೆ. ಜನ ಎಂದಿಗಿಂತ ಹೆಚ್ಚು ಸೇರಿದ್ದರು. ಬಂದದ್ದು ಕೇಳಲಿಕ್ಕೇ ಎಂದುಕೊಂಡೆ. ದುಂಡಪ್ಪ ಕಟ್ಟೆ ಹತ್ತಿ, ಕೊಳವೆ ಎತ್ತಿ, "ಕೇಳ್ರಪೋ ಕೇಳ್ರಿ! ಕೌದಿ ಹೊಲಿಯಾಕಿ..." ಎಂದ.

ಈರವ್ವ ಕೆಮ್ಮಿದಳು. ಪೇಟೆ ಕೆಮ್ಮಿತು. ದುಂಡಪ್ಪ ದನಿ ಏರಿಸಿದ, ಪೇಟೆ ಇನ್ನೂ ಏರಿಸಿತು. ಅವನು ಸುಮ್ಮನಾದ, ಪೇಟೆಯೂ ಸುಮ್ಮನಾಯಿತು. ಸುತ್ತ ನೋಡಿ, "ಜೋಳದ ದರ..." ಎಂದ. ಎಲ್ಲರೂ ಕಿವಿಗೊಟ್ಟರು. ದರ ಹೇಳಿ ಮುಗಿಸಿ, ಮೆಲ್ಲಗೆ, "ಆ ರುಮಾಲು..." ಎಂದ. ಕಟ್ಟೆ ನಡುಗುವಂತೆ ಕೆಮ್ಮಿದರು. ಬೇರೆ ಬೇರೆ ಚಾಪೆಯ ಗಂಡ ಹೆಂಡತಿ ಬಹಳ ಕಾಲದ ಮೇಲೆ ಪೇಟೆಗೆ ಬಂದು, ಒಬ್ಬರ ಪಕ್ಕ ಒಬ್ಬರು ನಿಂತು ಕೆಮ್ಮುತ್ತಿದ್ದರು. ದುಂಡಪ್ಪ ಕೊಳವೆ ಕೆಳಗಿಳಿಸಿದ. ಊರಿಗೆಲ್ಲ ಅಷ್ಟು ಚೆಂದ ಕೆಮ್ಮುವವನಿಗೆ ಕೆಮ್ಮಿನ ಎದುರು ಏನು ಮಾಡಬೇಕೆಂದು ತಿಳಿಯಲಿಲ್ಲ.

ಅನಂತರ ಪುರಸಭೆ ಅದನ್ನೇ ಕಾನೂನು ಮಾಡಿತು: ಪರರ ಮನೆಯೊಳಗಿನ ಮಾತು ಕಿವಿಗೆ ಬೀಳುವಾಗ ಕೇಳುವವರು ಕೆಮ್ಮತಕ್ಕದ್ದು. ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಸಾವಕಾರ ತನ್ನ ಆಳುಗಳನ್ನು ಕರೆತಂದು ತನ್ನ ಸುದ್ದಿಗೂ ಕೆಮ್ಮಿಸಿ ನೋಡಿದ. ಉಳಿದವರು ಕೆಮ್ಮಲಿಲ್ಲ, ಆಳುಗಳ ಬಡ ಕೆಮ್ಮು ಎಷ್ಟೆಂದು ತಡೆದೀತು? ಒಂದೊಂದು ಸಂಜೆ ಅರ್ಧ ಪೇಟೆ ಕೆಮ್ಮುತ್ತದೆ, ಇನ್ನರ್ಧ "ಸುಮ್ಮನಿರ್ರಿ, ಕೇಳೋಣ" ಎನ್ನುತ್ತದೆ, ಕೈ ಕೈ ಮಿಲಾಯಿಸುತ್ತಾರೆ. ಕೆಮ್ಮಬೇಕಾದದ್ದು ಯಾವುದು, ಕೇಳಬೇಕಾದದ್ದು ಯಾವುದು ಎಂದು ತೀರ್ಮಾನಿಸಲು ಇನ್ನೊಂದು ಸಮಿತಿಯಾಗಿದೆ. ಅದರಲ್ಲಿ ನಾನೂ ಇದ್ದೇನೆ, ಕುರ್ಚಿಯ ತುದಿಯಲ್ಲಿ.

ಆ ರುಮಾಲು ಯಾರದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದು ನನ್ನನ್ನು ಕೊರೆಯುವುದೂ ನಿಂತಿಲ್ಲ. ಮೊನ್ನೆ ಮಧ್ಯಾಹ್ನ ಗಾಳಿಯ ಹೊತ್ತಿನಲ್ಲಿ ಹೆಬ್ಬೆರಳು ನೋಡುತ್ತ, ಕೆಮ್ಮುತ್ತ ಅವಳ ಮನೆಯ ಮುಂದೆ ಹಾಯುತ್ತಿದ್ದೆ. ಒಳಗಿನಿಂದ, "ವಕೀಲಬಾಯಾರ, ಚಾ ಮಾಡೇನಿ, ಬರ್ರಿ," ಎಂದಳು. ಆ ಹೊತ್ತಿನಲ್ಲಿ ನಮ್ಮೂರಲ್ಲಿ ಯಾರನ್ನೂ ಯಾರೂ ಒಳಗೆ ಕರೆಯುವುದಿಲ್ಲ. ಹೊಸ್ತಿಲ ಈಚೆ ನಿಂತುಬಿಟ್ಟೆ. "ಕರದೀನಲ್ರಿ, ಬರ್ರಿ," ಎಂದಳು ಮತ್ತೆ. ದಾಟಿದೆ. ಮಣೆ ಹಾಕಿದಳು. ಬೀದಿಗೆ ಮುಖ ಮಾಡಿ, ಟ್ರಂಕಿಗೆ ಬೆನ್ನು ಮಾಡಿ ಕೂತೆ. ಕೈಗೆ ಚಹಾ ಕೊಟ್ಟು ಅವಳು ನನ್ನ ಹಿಂದೆ ಹೋದಳು. ಮಡಿಸಿಟ್ಟ ಬಟ್ಟೆ ಬಿಚ್ಚಿದ ಸದ್ದು ಕೇಳಿಸಿತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಮಡಚಿದ ಸದ್ದು. ನನ್ನ ಕತ್ತು ನೋಯುತ್ತಿತ್ತು. ತಿರುಗಲಿಲ್ಲ. ಚಹಾ ಮುಗಿದರೂ ಲೋಟ ಕೆಳಗಿಡದೆ, ಗಾಳಿ ನಿಂತು ಅವಳು ಟ್ರಂಕಿನ ಮುಚ್ಚಳ ಹಾಕುವ ತನಕ ಹಾಗೇ ಕೂತಿದ್ದೆ.